ಹಳ್ಳ ಇಳಿಯುವವರೆಗೆ ಕೂತುಕೋ

ಕೂಸೇ,

ಫೋನಿನಲ್ಲಿ ಮಾತು ಜಗಳಕ್ಕೆ ತಿರುಗಿತು. ಯಾರು ಮೊದಲು ಇಟ್ಟರು ಎಂಬ ಲೆಕ್ಕ ಈಗ ಬೇಡ. ನಾನು ದನಿ ಏರಿಸಬಾರದಿತ್ತು, ಅಷ್ಟೇ. ಹೋಗಬೇಡ ಎನ್ನಲು ಬರೆಯುತ್ತಿಲ್ಲ. ಹವಾಯಿಯ ಕವಾಯಿ ದ್ವೀಪದ ಕಲಾಲಾವ್ ಕಾಲುಹಾದಿಯ ಪರ್ಮಿಟ್ 90 ದಿನ ಮೊದಲು ತೆರೆಯುತ್ತದೆ, ತೆರೆದ ಕೂಡಲೇ ಮುಗಿದುಹೋಗುತ್ತದೆ. ಅದನ್ನು ಕಾದು ಕೂತು ಹಿಡಿದವಳು ನೀನು. ಆಯಿ ಆಗಲೇ ಕೇರಿಗೆಲ್ಲ ಹೇಳಿಯಾಗಿದೆ. ನಾನೂ ಇಬ್ಬರಿಗೆ ಹೇಳಿದೆ.

ನಡಿಗೆ ನಿನಗೆ ಕಷ್ಟವಾಗಲಿಕ್ಕಿಲ್ಲ. ಕೇಎ ಬೀಚಿನಿಂದ ಕಲಾಲಾವ್ ಬೀಚಿಗೆ 11 ಮೈಲಿ, ಹತ್ತಿರ ಹತ್ತಿರ 18 ಕಿ.ಮೀ. ಸಮತಟ್ಟು ಎಲ್ಲೂ ಇಲ್ಲ, ಒಂದು ಕಣಿವೆಗೆ ಇಳಿ, ಮತ್ತೆ ಹತ್ತು. ಏಳನೇ ಮೈಲಿಯ ಹೊತ್ತಿಗೆ ಬರುವ ಅಂಚುದಾರಿಯ ಫೋಟೋ ನೋಡಿ ಎಲ್ಲರೂ ಹೆದರುತ್ತಾರೆ. ಒಂದು ಬದಿ ಬಂಡೆ, ಇನ್ನೊಂದು ಬದಿ ನೇರ ಕಡಲು. ಒಣಗಿದ್ದರೆ, ಗಾಳಿ ಇಲ್ಲದಿದ್ದರೆ ದಾಟಬಹುದು. ಕೆಂಪು ಮಣ್ಣು ನೆಂದು ಜಾರುತ್ತಿದ್ದರೆ ಆರನೇ ಮೈಲಿಯ ಹನಕೋವಾದಲ್ಲೇ ಉಳಿದುಬಿಡು, ಅಲ್ಲಿ ಡೇರೆ ಹಾಕಲು ಅನುಮತಿ ಇದೆ.

ನನ್ನ ಹೆದರಿಕೆ ಹಳ್ಳದ್ದು.

ಎರಡನೇ ಮೈಲಿಗೆ ಹನಕಾಪಿಯಾಯ್ ಹಳ್ಳ ಬರುತ್ತದೆ, ಮುಂದೆ ಇನ್ನೂ ಕೆಲವು. ನೀರಿಗೆ ಇಳಿದೇ ದಾಟಬೇಕು. ಕತಗಾಲದಲ್ಲಿ ಬಿಸಿಲಿದ್ದರೂ ದೇವಿಮನೆ ಘಟ್ಟದಲ್ಲಿ ಹೊಡೆದ ಮಳೆಗೆ ಚಂಡಿಕಾ ಹೊಳೆ ಉಕ್ಕುತ್ತದಲ್ಲ, ಅದನ್ನು ನಿನಗೆ ಹೊಸದಾಗಿ ಹೇಳಬೇಕಿಲ್ಲ. ಆ ವರ್ಷದ ಸಂಗತಿ ಬರೆಯುವುದೂ ಇಲ್ಲ, ನಿನಗೂ ಗೊತ್ತು. ಆದರೆ ಕವಾಯಿ ದ್ವೀಪದಲ್ಲಿ ಗುಡ್ಡದ ನೆತ್ತಿಯಿಂದ ಕಡಲಿಗೆ ಇರುವ ಅಂತರ ಬಹಳ ಕಮ್ಮಿ, ಇಳಿಜಾರು ಬಹಳ ಕಡಿದು. ಮೇಲೆ ಬಿದ್ದ ಮಳೆ ಕೆಳಗೆ ಬರಲು ತಾಸುಗಟ್ಟಲೆ ಬೇಡ, ನಿಮಿಷಗಳು ಸಾಕು. ಆ ದ್ವೀಪದ ನಡುವಿನ ವಾಯಲೆಯಾಲೆ ಶಿಖರ ಜಗತ್ತಿನಲ್ಲೇ ಅತಿ ಹೆಚ್ಚು ಮಳೆಯಾಗುವ ಜಾಗಗಳಲ್ಲೊಂದು. 2018ರ ಏಪ್ರಿಲ್‌ನಲ್ಲಿ ನೀನು ಹೋಗುವ ಉತ್ತರ ದಂಡೆಯಲ್ಲೇ 24 ತಾಸಿಗೆ 49.69 ಇಂಚು, ಅಂದರೆ 1262 ಮಿ.ಮೀ. ಸುರಿಯಿತು. ನಮ್ಮ ಜುಲೈ ತಿಂಗಳ ಮಳೆಯೆಲ್ಲ ಹೆಚ್ಚುಕಡಿಮೆ ಒಂದೇ ದಿನಕ್ಕೆ. ರಸ್ತೆಯೇ ಹೋಗಿ, ಹಾದಿ ಮತ್ತೆ ತೆರೆದದ್ದು 2019ರಲ್ಲಿ.

ದಾಟುವ ಮೊದಲು ದಂಡೆಯಲ್ಲಿ ನೀರಿನ ಅಂಚಿಗೆ ಒಂದು ಕಲ್ಲಿಡು. ಹತ್ತು ನಿಮಿಷ ನೋಡು. ಕಲ್ಲು ಮುಳುಗಿತೋ, ನೀರು ಏರುತ್ತಿದೆ. ತಿಳಿನೀರು ಕದಡಿದರೆ, ಎಲೆ-ಕಡ್ಡಿ ತೇಲಿಬಂದರೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಕೇಳಿದರೆ ಕಲ್ಲಿಟ್ಟು ನೋಡುವ ಕೆಲಸವೂ ಬೇಡ, ಮೇಲೆ ಹತ್ತು. ನೀರು ಮೊಣಕಾಲಿನ ಮೇಲಿದ್ದರೆ ಇಳಿಯಲೇಬೇಡ. ಹರಿವಿನ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ, ಗಟ್ಟಿ ಆಳೂ ಬೀಳುವುದು ಅದಕ್ಕೇ. ಇಕ್ಕಟ್ಟಾದ ಕಡೆ ನಾಲ್ಕು ಹೆಜ್ಜೆಗೆ ಮುಗಿಯುತ್ತದೆ ಅನ್ನಿಸುತ್ತದೆ. ಆಳವೂ ಸೆಳೆತವೂ ಹೆಚ್ಚಿರುವುದು ಅಲ್ಲೇ. ಅಗಲವಾದ ಜಾಗ ಹುಡುಕು. ಕೆಳಗೆ ಅಬ್ಬಿ ಇರಬಾರದು, ಕಡಲಿಗೆ ಸೇರುವ ಬಾಯಿಯೂ ಹತ್ತಿರ ಇರಬಾರದು. ಬೂಟು ಬಿಚ್ಚಬೇಡ. ಬ್ಯಾಗಿನ ಎದೆ ಮತ್ತು ಸೊಂಟದ ಪಟ್ಟಿ ಬಿಚ್ಚಿಕೋ, ಬಿದ್ದರೆ ಬ್ಯಾಗು ನಿನ್ನನ್ನು ಒತ್ತಿಹಿಡಿಯಬಾರದು. ಹರಿವಿಗೆ ಎದುರು ಮುಖ ಮಾಡಿ, ಕೋಲು ಮುಂದೆ ಊರಿ, ಒಂದೊಂದೇ ಕಾಲನ್ನು ಅಡ್ಡಕ್ಕೆ ಸರಿಸು. ಯಾರೋ ಕಟ್ಟಿಹೋದ ಹಗ್ಗ ನಂಬಬೇಡ. ಕೊಚ್ಚಿಹೋದರೆ ಬ್ಯಾಗು ಬಿಟ್ಟು, ಅಂಗಾತ, ಕಾಲು ಮುಂದೆ. ಇದನ್ನು ಬರೆಯುವಾಗ ಆಯಿಗೆ ತೋರಿಸಿಲ್ಲ.

ಉಪದೇಶವಾಯಿತು, ಆಗಲಿ. ಹನಕಾಪಿಯಾಯ್ ಬೀಚಿನಲ್ಲಿ ಕಡಲಿಗೆ ಇಳಿಯಬೇಡ, ಸೆಳವು ಕೆಟ್ಟದ್ದು. ಅಬ್ಬಿಯ ಬುಡದಲ್ಲಿ ನಿಲ್ಲಬೇಡ, ಮೇಲಿಂದ ಕಲ್ಲು ಬೀಳುತ್ತದೆ, ಕಾಡು ಆಡುಗಳೂ ಉರುಳಿಸುತ್ತವೆ. ಹಳ್ಳದ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡ. ನಮ್ಮಲ್ಲಿಯ ಇಲಿಜ್ವರ ಅಲ್ಲೂ ಇದೆ, ಕಾಲಿನ ಗಾಯದಿಂದಲೂ ಬರುತ್ತದೆ. ವಾಪಸಾದ ಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕೆಂಗಣ್ಣು ಬಂದರೆ ಡಾಕ್ಟರಿಗೆ ಹಳ್ಳ ದಾಟಿದ್ದನ್ನು ಮೊದಲು ಹೇಳು. ನೀನು ಹೇಳದೆ ಅವರಿಗೆ ಹೊಳೆಯುವುದಿಲ್ಲ.

ಕಣಿವೆಗಳಲ್ಲಿ ಹಳೆಯ ಕಲ್ಲುಕಟ್ಟೆಗಳ ಸಾಲು ಸಿಗುತ್ತವೆ. ಅಲ್ಲಿಯವರು ನೀರು ಕಟ್ಟಿ ಕೆಸು ಬೆಳೆದ ಗದ್ದೆಗಳು ಅವು. ಅವುಗಳ ಮೇಲೆ ನಡೆಯಬೇಡಿ, ಒಲೆ ಹೂಡಲು ಕಲ್ಲು ಕೀಳಬೇಡಿ. 1893ರಲ್ಲಿ ಕೂಲಾವ್ ಎಂಬ ಕುಷ್ಠರೋಗಿ, ತನ್ನನ್ನು ಸಂಸಾರದಿಂದ ಅಗಲಿಸಿ ಬೇರೆ ದ್ವೀಪಕ್ಕೆ ಕಳಿಸಲು ಬಂದವರಿಗೆ ಸಿಗದೆ, ಹೆಂಡತಿ ಪಿಯಿಲಾನಿ ಮತ್ತು ಮಗನೊಂದಿಗೆ ಅಡಗಿದ್ದು ಇದೇ ಕಲಾಲಾವ್ ಕಣಿವೆಯಲ್ಲಿ. ಸೈನಿಕರು ಫಿರಂಗಿ ತಂದರೂ ಹಿಡಿಯಲಾಗಲಿಲ್ಲ. ಮಗನೂ ಗಂಡನೂ ತೀರಿದ ಮೇಲೆ ಅವಳೊಬ್ಬಳೇ ಹೊರಬಂದಳು. ನೋಡಿ ಬಂದು ನನಗೆ ವಿವರವಾಗಿ ಹೇಳು.

ಮತ್ತೆ ಹಳ್ಳಕ್ಕೇ ಬಂದೆ. 2014ರ ಏಪ್ರಿಲ್‌ನಲ್ಲಿ ಹನಕಾಪಿಯಾಯ್ ಏರಿ ನೂರಕ್ಕೂ ಹೆಚ್ಚು ಜನ ಆಚೆ ಸಿಕ್ಕಿಬಿದ್ದರು, ಹೆಲಿಕಾಪ್ಟರಿನಲ್ಲಿ ತರಬೇಕಾಯಿತು. ಮರುದಿನ ವಿಮಾನ ಇದೆ, ಊಟ ಮುಗಿದಿದೆ, ಮನೆಯವರು ಕಾಯುತ್ತಾರೆ ಎಂದು ಜನ ಏರಿದ ನೀರಿಗೆ ಇಳಿಯುತ್ತಾರೆ. ಬಂದಷ್ಟೇ ಬೇಗ ಆ ನೀರು ಇಳಿಯುತ್ತದೆ, ಹೆಚ್ಚಾಗಿ ಕೆಲವೇ ತಾಸಿಗೆ. ಜೊತೆಯವರು ನಗಲಿ. ಅವಲಕ್ಕಿ, ಬೆಲ್ಲ, ಒಂದು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೋ. ವಿಮಾನದ ಟಿಕೆಟನ್ನು ಹಾದಿ ಮುಗಿದ ಮರುದಿನಕ್ಕೆ ಮಾಡಿದ್ದರೆ ಎರಡು ದಿನ ಮುಂದಕ್ಕೆ ಹಾಕು, ಖರ್ಚು ನನ್ನದು. ಅಲ್ಲಿ ಫೋನ್ ಸಿಗುವುದಿಲ್ಲ ಎಂದು ಆಯಿಗೆ ಹೇಳಿದ್ದೇನೆ. ಹೇಳಿದ ದಿನಕ್ಕೆ ನಿನ್ನ ಫೋನ್ ಬರದಿದ್ದರೆ ನೀನು ಹಳ್ಳದ ದಂಡೆಯಲ್ಲಿ ಕೂತಿದ್ದೀಯೆ ಎಂದೇ ತಿಳಿದುಕೊಳ್ಳುತ್ತೇವೆ.

ಅಪ್ಪ
ಕುಮಟಾ