ಅಂಗಡಿಯ ದೀಪ ಮತ್ತೆ ಹಾಕಿದವರಿಗೆ

ಅಮೆರಿಕದ ಬಫಲೋದಲ್ಲಿ ಇದು ನಮ್ಮ ಮೊದಲ ಚಳಿಗಾಲ. ರಾತ್ರಿ ಈರಿ ಸರೋವರದ ಕಡೆಯಿಂದ ಜೋರು ಹಿಮ ಬರುತ್ತದೆ ಅಂದಿದ್ದರು. ಬೆಳಗ್ಗೆ ಹೆಂಡತಿಗೆ ಆಸ್ಪತ್ರೆ ಡ್ಯೂಟಿ. ದಾರಿಯ ಹಿಮ ತೆಗೆಯುವ ಹೊಸ ಯಂತ್ರ, ಸ್ನೋ ಬ್ಲೋವರ್, ಅದರ ಡಬ್ಬ ಬಿಚ್ಚಿದರೆ ಬ್ಲೇಡನ್ನು ಹಿಡಿದಿಡುವ ಶಿಯರ್ ಪಿನ್ ಒಂದೂ ಇಲ್ಲ!

ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ಬಾಗಿಲು ಹಾಕುತ್ತಿದ್ದ ಹಿರಿಯರು ನನ್ನ ಮುಖ ನೋಡಿ ದೀಪ ಮತ್ತೆ ಹಾಕಿದರು. ಯಾವುದಾದರೂ ಬೋಲ್ಟ್ ಕೊಡಿ ಅಂದೆ. ಬೇಡ ಅಂದರು. ಗಟ್ಟಿ ಐಸ್ ಸಿಕ್ಕಾಗ ಈ ಪಿನ್ ತಾನು ಮುರಿದು ಗೇರ್‌ಬಾಕ್ಸ್ ಉಳಿಸುತ್ತದಂತೆ. ಕನ್ನಡಕ ಹಣೆಗೇರಿಸಿ ಒಂದೊಂದೇ ಡ್ರಾಯರ್ ಹುಡುಕಿದರು. ಅಳತೆ ನೋಡಿ, ಎರಡು ಪಿನ್ ಜಾಸ್ತಿಯೇ ಹಾಕಿದರು. ನಡುಗುತ್ತಿದ್ದ ನನ್ನ ಕೈಗೆ ತಮ್ಮ ಫ್ಲಾಸ್ಕಿನ ಕಾಫಿ ಕೊಟ್ಟರು.

ಬೆಳಗ್ಗೆ ಐದಕ್ಕೆ ದಾರಿ ತೆರವಾಯಿತು. ಹೆಂಡತಿಯ ಕಾರು ತಿರುವು ದಾಟಿದಾಗ ಉಸಿರು ಬಂತು. ನಿಮ್ಮ ಹೆಸರು ಕೇಳಲೇ ಇಲ್ಲ, ಸರ್. ತುಂಬಾ ಥ್ಯಾಂಕ್ಸ್.