ಮಗಳಿಗೊಂದು ಪತ್ರ: ಮೂವತ್ತಮೂರಕ್ಕೆ ಮೆಡಿಕಲ್

ಮಗಾ,

ನೀನು ಫೋನ್ ಇಟ್ಟ ಮೇಲೆ ಅಮ್ಮ ಕೇಳಿದಳು, "ನೀವು ಎಂತ ಸುಮ್ಮನೆ ಕೂತದ್ದು?" ಅಂತ. ಕೆಲಸ ಬಿಟ್ಟು ಎಂಬಿಬಿಎಸ್ ಓದ್ತೇನೆ ಅಂತ ಮಗಳು ಹೇಳಿದರೆ ತಟ್ಟನೆ ಹೂಂ ಅನ್ನುವುದೂ ಕಷ್ಟ, ಬೇಡ ಅನ್ನುವುದೂ ಕಷ್ಟ. ಅದಕ್ಕೆ ಬರೆಯುತ್ತಿದ್ದೇನೆ. ಬ್ಯಾಂಕಿನಲ್ಲಿ ಲೋನ್ ಅರ್ಜಿ ನೋಡಿ ನೋಡಿ ಅಭ್ಯಾಸ ಆದವನು ನಾನು. ನಿನ್ನ ಅರ್ಜಿಯನ್ನೂ ಹಾಗೇ ನೋಡಿದೆ, ಬೇಜಾರು ಮಾಡಬೇಡ.

ವಯಸ್ಸಿನ ವಿಷಯ ಬೇಗ ಮುಗಿಯುತ್ತದೆ. ನೀಟ್‌ಗೆ 17 ತುಂಬಿರಬೇಕು, ಅಷ್ಟೇ. ಮೇಲಿನ ಮಿತಿಯನ್ನು 2022ರಲ್ಲಿ ತೆಗೆದುಬಿಟ್ಟಿದ್ದಾರೆ. ಅದಕ್ಕೂ ಮೊದಲು, ಆ ವಿಷಯ ಇನ್ನೂ ಕೋರ್ಟಿನಲ್ಲಿ ಇರುವಾಗಲೇ, ಒಡಿಶಾದಲ್ಲಿ ಬ್ಯಾಂಕಿನಿಂದ ರಿಟೈರ್ ಆದವರೊಬ್ಬರು 64ನೇ ವಯಸ್ಸಿನಲ್ಲಿ ನೀಟ್ ಬರೆದು ಸರ್ಕಾರಿ ಕಾಲೇಜು ಸೇರಿದ್ದರು. 2020ರಲ್ಲಿ ಪೇಪರಿನಲ್ಲೆಲ್ಲ ಬಂದಿತ್ತು. ಬ್ಯಾಂಕಿನವರು ಅಂದರೆ ಸುಮ್ನೆ ಅಲ್ಲ!

ಆದರೆ "ಹೇಗೂ ನಲವತ್ತು ಆಗ್ತದೆ, ಡಾಕ್ಟರ್ ಆಗಿಯೇ ಆಗಲಿ" ಅಂದೆಯಲ್ಲ, ಆ ಮಾತು ಕೇಳಲಿಕ್ಕೆ ಚೆಂದ, ಲೆಕ್ಕಕ್ಕೆ ಸಾಲದು. ಬರೀ ವಯಸ್ಸು ಆಗುವುದಲ್ಲ, ಅಷ್ಟೂ ವರ್ಷ ಸಂಬಳ ಬರುವುದಿಲ್ಲ, ಪಿಎಫ್ ನಿಲ್ಲುತ್ತದೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಬರುವ ವರ್ಷವೇ ಸೀಟು ಸಿಕ್ಕಿದರೂ ಮುಗಿಯುವಾಗ ನಲವತ್ತರ ಹೊಸ್ತಿಲು. ಪಿಜಿ, ಅಂದರೆ ಸ್ಪೆಷಲಿಸ್ಟ್ ಓದು, ಬೇಕಾದರೆ ಇನ್ನೂ ಮೂರು ವರ್ಷ. ಇಂಟರ್ನ್‌ಶಿಪ್‌ನಲ್ಲಿ ನೈಟ್ ಡ್ಯೂಟಿ ಮಾಡುವಾಗ ನಿನ್ನ ಮಗ ಪುಟ್ಟನಿಗೆ ಹನ್ನೊಂದು ಆಗಿರುತ್ತದೆ. ನಿನಗಿಂತ ಏಳೆಂಟು ವರ್ಷ ಚಿಕ್ಕ ಪಿಜಿ ಹುಡುಗ ರೋಗಿಗಳ ಎದುರೇ ಬೈದಾನು. ಅದಕ್ಕೆಲ್ಲ ತಯಾರಿದ್ದಿಯಾ ನೋಡಿಕೋ.

ಗಟ್ಟಿ ಕೆಲಸ ಬಿಡಬೇಡ ಅಂತ ನೆಂಟರು ಹೇಳುವುದನ್ನು ಮಾತ್ರ ನಾನು ಹೇಳುವುದಿಲ್ಲ. 1906ರಲ್ಲಿ ಉಡುಪಿಯಲ್ಲಿ ಶುರುವಾದ, ನಾನು ಕೆಲಸ ಮಾಡಿದ ಕಾರ್ಪೊರೇಷನ್ ಬ್ಯಾಂಕಿಗಿಂತ ಗಟ್ಟಿ ಎಂತ ಇತ್ತು ನಮ್ಮ ಊರಲ್ಲಿ? 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನಲ್ಲಿ ವಿಲೀನ ಆಯಿತು. ಅದರ ಹಿಂದಿನ ವರ್ಷ ವಿಜಯಾ ಬ್ಯಾಂಕ್ ಹೋಗಿತ್ತು, ಸಿಂಡಿಕೇಟ್ ನಮ್ಮ ಜೊತೆಗೇ ಅದೇ ದಿನ ಕೆನರಾಕ್ಕೆ ಸೇರಿತು. ಕರಾವಳಿಯವರು ಗಟ್ಟಿ ಕೆಲಸದ ಬಗ್ಗೆ ಜಾಸ್ತಿ ಮಾತಾಡದಿದ್ದರೇ ಒಳ್ಳೆಯದು.

ನನ್ನ ಮನಸ್ಸು ಸ್ವಲ್ಪ ವಾಲಿದ್ದು ಅಮ್ಮ ಆಸ್ಪತ್ರೆಯಲ್ಲಿ ಇದ್ದಾಗಿನ ನಿನ್ನ ಆ ನೋಟ್‌ಬುಕ್ಕಿನಿಂದ. ಗೆರೆ ಹಾಕಿ ಕಾಲಂ ಮಾಡಿದ್ದಿ. ಎಷ್ಟು ಗಂಟೆಗೆ ಎಷ್ಟು ಎಂಎಲ್ ಗಂಜಿನೀರು, ಯೂರಿನ್ ಬ್ಯಾಗಿನಲ್ಲಿ ಎಷ್ಟು, ಜ್ವರ ಎಷ್ಟು. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ಎಡಗಾಲಿನ ಊತ ನಿನ್ನೆಗಿಂತ ಕಡಿಮೆ, ಯಾಕೆ?" ಅಂತ ಇತ್ತು. ಡ್ಯೂಟಿ ಡಾಕ್ಟರ್ ಅದನ್ನು ಕೈಯಲ್ಲಿ ಹಿಡಿದು ಓದಿದರು. ಪಕ್ಕದ ಬೆಡ್ಡಿನ ಅಜ್ಜಿಗೆ ತುಳು ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ಡಾಕ್ಟರ್ ಹೊರಗಿನವರು. ನಡುವೆ ನಿಂತು ನೀನೇ ಎಲ್ಲ ಕೇಳಿ ಹೇಳಿದ್ದಿ. ಚಾಕರಿ ಮಾಡುವ ಮನಸ್ಸು ಇದ್ದವರೆಲ್ಲ ಡಾಕ್ಟರ್ ಆಗಬೇಕು ಅಂತಿಲ್ಲ, ನರ್ಸಮ್ಮಂದಿರು ನಿನಗಿಂತ ಚೆನ್ನಾಗಿ ನೋಡಿಕೊಂಡರು. ಆದರೆ ಆ "ಯಾಕೆ" ಉಂಟಲ್ಲ, ಅದನ್ನು ಕಂಡು ಇವಳು ಸುಮ್ಮನಿರುವವಳಲ್ಲ ಅನಿಸಿತು.

ನನಗೆ ಹೆದರಿಕೆ ಇರುವುದು ಎರಡಕ್ಕೆ. ಒಂದು ಫಿಸಿಕ್ಸ್. ನೀನು ಪಿಯುಸಿ ಮುಗಿಸಿದ್ದು 2010ರಲ್ಲಿ, ಆಗ ಇದ್ದದ್ದು ಸಿಇಟಿ. ನೀಟ್ ಬಂದದ್ದೇ 2013ರಲ್ಲಿ. ಪಿಸಿಎಂಬಿ ಓದಿದ್ದರಿಂದ ಅರ್ಹತೆಗೆ ತೊಂದರೆ ಇಲ್ಲ. ಆದರೆ ಈಗ ಎಲ್ಲ ಎನ್‌ಸಿಇಆರ್‌ಟಿ ಪುಸ್ತಕ, ಅಟ್ಟದ ಮೇಲಿನ ನಿನ್ನ ಹಳೆ ಪುಸ್ತಕ ಇಳಿಸಿ ಪ್ರಯೋಜನ ಇಲ್ಲ. 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಅರ್ಧ ಬಯಾಲಜಿ, ಅದನ್ನು ನೀನು ಕೂತು ಓದುತ್ತೀ. ಫಿಸಿಕ್ಸ್‌ನ 45 ಪ್ರಶ್ನೆಯೇ ಕಷ್ಟ, ತಪ್ಪು ಉತ್ತರಕ್ಕೆ ಒಂದೊಂದು ಅಂಕ ಕಳೆಯುತ್ತಾರೆ. ಎದುರಿಗೆ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳು. ಅವರಿಗೆ ಮನೆ, ಮಗು, ಆಫೀಸು ಯಾವುದೂ ಇಲ್ಲ.

ಇನ್ನೊಂದು ದುಡ್ಡು. ದೇರಳಕಟ್ಟೆಯಿಂದ ಮಣಿಪಾಲದವರೆಗೆ ಬಸ್ಸಿನಲ್ಲಿ ಹೋದರೆ ಎಷ್ಟು ಮೆಡಿಕಲ್ ಕಾಲೇಜು! ಎಲ್ಲ ಖಾಸಗಿ. ಸರ್ಕಾರಿ ಸೀಟು ಅಂದರೆ ಹತ್ತಿರದ್ದು ಕಾರವಾರ, ಮಡಿಕೇರಿ, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ. ಇಲ್ಲಿನ ಖಾಸಗಿ ಕಾಲೇಜಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸರ್ಕಾರಿ ಕೋಟಾದ ಸೀಟು ಸಿಕ್ಕಿದರೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು. ಡೀಮ್ಡ್, ಅಂದರೆ ತಾನೇ ಯೂನಿವರ್ಸಿಟಿ ಅನ್ನಿಸಿಕೊಂಡ, ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಲಕ್ಷದ ಮೇಲೆಯೇ. ಎಜುಕೇಷನ್ ಲೋನ್ ಏಳೂವರೆ ಲಕ್ಷ ದಾಟಿತು ಅಂದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಕೇಳುತ್ತದೆ. ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರು. ನಲವತ್ತೊಂದಕ್ಕೆ ಕಂತು ಕಟ್ಟಲಿಕ್ಕೆ ಶುರು ಮಾಡಿದವಳು ಮುಗಿಸುವುದು ಯಾವಾಗ?

ಹಾಗಾಗಿ ನನ್ನ ಕಡೆಯದ್ದು ಇಷ್ಟು. ಸರ್ಕಾರಿ ಸೀಟು ಅಥವಾ ಕೆಇಎಯ ಸರ್ಕಾರಿ ಕೋಟಾ ಆದರೆ ಫೀಸು ನನ್ನದು, ಎಫ್‌ಡಿ ಮುರಿಯುತ್ತೇನೆ. ಪುಟ್ಟ ಮಂಗಳೂರಿನಲ್ಲಿ, ಬಿಜೈಯ ಮನೆಯಲ್ಲಿ ನಮ್ಮ ಹತ್ತಿರ ಇರಲಿ, ಶಾಲೆ ಇಲ್ಲಿಯೂ ಉಂಟು. ಮ್ಯಾನೇಜ್‌ಮೆಂಟ್ ಸೀಟಿಗೆ, ಡೀಮ್ಡ್ ಸೀಟಿಗೆ ಮನೆ ಅಡವಿಡುವುದಿಲ್ಲ. ಅತ್ತರೂ ಇಲ್ಲ. ಮತ್ತೆ, ರಾಜೀನಾಮೆ ಈಗಲೇ ಬೇಡ. ಮೊದಲನೇ ಸಲ ಕೆಲಸದಲ್ಲಿ ಇದ್ದುಕೊಂಡೇ ಬರೆ. ಮಾರ್ಕು ಬರಲಿ, ಅದನ್ನು ಮುಂದೆ ಇಟ್ಟುಕೊಂಡು ಕೆಲಸ ಬಿಡುವ ಮಾತಾಡುವ.

ದಸರಾಕ್ಕೆ ಬಂದಾಗ ಒಂದು ದಿನ ಬೆಳಿಗ್ಗೆ ಹಂಪನಕಟ್ಟೆಗೆ ಹೋಗಿ ವೆನ್‌ಲಾಕ್‌ನ ಓಪಿಡಿಯಲ್ಲಿ ಸುಮ್ನೆ ಕೂತು ಬಾ. 1848ರಿಂದ ನಡೆಯುತ್ತಿರುವ ಆಸ್ಪತ್ರೆ ಅದು. ಕಾಸರಗೋಡಿನಿಂದ, ಚಿಕ್ಕಮಗಳೂರಿನ ಕಡೆಯಿಂದ ಎಲ್ಲ ಜನ ಬರುತ್ತಾರೆ. ಕೈಯಲ್ಲಿ ಚೀಟಿ ಹಿಡಿದು ನಿಂತ ಸಾಲು, ಒಬ್ಬೊಬ್ಬರ ಜೊತೆ ಡಾಕ್ಟರಿಗೆ ಸಿಗುವ ನಾಲ್ಕು ಮಾತಿನ ಹೊತ್ತು, ಮಧ್ಯಾಹ್ನದ ಹೊತ್ತಿಗೆ ಆ ಡಾಕ್ಟರುಗಳ ಮುಖ. ನಿನ್ನ ಕೆಲಸವೂ ಅದೇ ಆಗುವುದು. ಅಮ್ಮನ ಒಂದು ಬೆಡ್ಡು ನೋಡಿ ತೀರ್ಮಾನ ಮಾಡುವುದು ಬೇಡ.

ಕೆಇಎಗೆ ಏಳು ವರ್ಷ ಕರ್ನಾಟಕದಲ್ಲಿ ಓದಿದ ಸರ್ಟಿಫಿಕೇಟ್ ಬೇಕು. ನಿನ್ನ ಹಳೆ ಶಾಲೆಯ ಆಫೀಸಿಗೆ ಸೋಮವಾರ ಹೋಗುತ್ತೇನೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್ ಎರಡೂ ಗೋದ್ರೇಜಿನಲ್ಲಿ ಉಂಟು. ನಿನ್ನ ಅತ್ತೆ ಮಾವನಿಗೆ ಮಾತ್ರ ನೀವಿಬ್ಬರೇ ಹೇಳಿ ಮಾರಾಯ್ತಿ, ನನ್ನಿಂದ ಹೇಳಿಸಬೇಡ.

ನಿನ್ನ
ಅಪ್ಪ