ಅಪ್ಪನ ಮೆಂತ್ಯದ ಮೊಳಕೆ ಬಗ್ಗೆ

ಹ್ಯಾಂಬರ್ಗ್

ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಪ್ಪನ ಶುಗರ್ ಸ್ವಲ್ಪ ಇಳಿದಿದೆ ಅಂತ ಅಕ್ಕ ಹೇಳಿದಳು, ಸಮಾಧಾನವಾಯಿತು. ನೀನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅವರಿಗೆ ಮೊಳಕೆ ಕಟ್ಟಿದ ಮೆಂತ್ಯ ಹಸಿಯಾಗೇ ತಿನ್ನಿಸುತ್ತಿದ್ದೀಯ ಅಂತಲೂ ಹೇಳಿದಳು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ‘ಆಯ್ತು ಬಿಡೇ’ ಅಂದು ಮಾತು ತಿರುಗಿಸಿಬಿಡ್ತೀಯ.

2011ರ ಮೇ ತಿಂಗಳಲ್ಲಿ ಈ ಊರಿನ ಆಸ್ಪತ್ರೆಗಳು ತುಂಬಿಹೋಗಿದ್ದವು. ಮೊದಲು ರಕ್ತಭೇದಿ, ಕೆಲವರಿಗೆ ವಾರದೊಳಗೆ ಕಿಡ್ನಿಯೇ ಕೈಕೊಡೋದು. ಜುಲೈ ಹೊತ್ತಿಗೆ ಜರ್ಮನಿಯಲ್ಲಿ 3,842 ಜನಕ್ಕೆ ಕಾಯಿಲೆ, ಅವರಲ್ಲಿ 855 ಜನಕ್ಕೆ ಕಿಡ್ನಿ ತೊಂದರೆ, 53 ಸಾವು. ಈ ಥರದ ಕಿಡ್ನಿ ತೊಂದರೆ ಸಾಮಾನ್ಯವಾಗಿ ಸಣ್ಣ ಮಕ್ಕಳಿಗೆ ಬರೋದು. ಆ ಸಲ ಹೆಚ್ಚಾಗಿ ದೊಡ್ಡವರಿಗೆ, ಅದರಲ್ಲೂ ಹೆಂಗಸರಿಗೆ ಬಂತು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಗೂಬೆ ಕೂರಿಸಿದರು. ಪಾಪ, ಅಲ್ಲಿನ ರೈತರು ಸುಮ್ಮಸುಮ್ಮನೆ ನಷ್ಟಕ್ಕೆ ಬಿದ್ದರು. ಜಾಡು ಹಿಡಿದು ಹೋದಾಗ ಕೊನೆಗೆ ಸಿಕ್ಕಿದ್ದು ಮೊಳಕೆ ಕಾಳು. ತನಿಖೆ ಬೊಟ್ಟು ಮಾಡಿದ್ದು ಈಜಿಪ್ಟಿನಿಂದ ಬಂದ ಬೀಜದ ಕಡೆಗೆ. ಯಾವ ಬೀಜ ಗೊತ್ತಾ? ಮೆಂತ್ಯ!

ಕಾಯಿಲೆ ತಂದದ್ದು ಇ. ಕೋಲಿ ಬ್ಯಾಕ್ಟೀರಿಯಾ. ಇದರ ಬೇರೆ ಬೇರೆ ತಳಿಗಳು ನನ್ನ ಕರುಳಲ್ಲೂ ಇವೆ, ನಿನ್ನ ಕರುಳಲ್ಲೂ ಇವೆ, ಬಹುಪಾಲು ತಮ್ಮ ಪಾಡಿಗೆ ತಾವಿರುತ್ತವೆ. ಆ ವರ್ಷದ ತಳಿ ಕರುಳಿನ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳೋ ಜಾತಿಯದು. ಅಂಥವು ಭೇದಿ ಮಾಡಿಸುತ್ತವೆ, ಆದರೆ ಕಿಡ್ನಿಗೆ ಕೈಹಾಕೋವಲ್ಲ. ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಕೆಡಿಸೋ ಶಿಗಾ ವಿಷ ಅದಕ್ಕೆ ಬಂದದ್ದು ಒಂದು ವೈರಸ್ಸಿನಿಂದ.

ಬ್ಯಾಕ್ಟೀರಿಯಾಕ್ಕೂ ವೈರಸ್ ತಗಲುತ್ತೆ ಅಮ್ಮ. ಅವನ್ನೇ ಫೇಜ್ ಅನ್ನೋದು, ನಾನು ಲ್ಯಾಬಿನಲ್ಲಿ ದಿನಾ ಒದ್ದಾಡೋದು ಇವುಗಳ ಜೊತೆಗೇ. ಕೆಲವು ಫೇಜ್ ಒಳಹೊಕ್ಕ ಕೂಡಲೇ ನೂರಾರು ಮರಿ ಹಾಕಿ ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತವೆ. ಇನ್ನು ಕೆಲವು ಅದರ ಡಿಎನ್‌ಎ ಒಳಗೇ ಸೇರಿ ತೆಪ್ಪಗೆ ಕೂತುಬಿಡುತ್ತವೆ. ಹಿತ್ತಲಿನ ಮಾವಿನ ಮರಕ್ಕೆ ಬಂದಳಿಕೆ ಹತ್ತಿದೆಯಲ್ಲ, ಅದು ಕೊಂಬೆಯ ಮೇಲಷ್ಟೇ. ಅದೇ ಬಂದಳಿಕೆ ಓಟೆಯೊಳಗೂ ಸೇರಿಕೊಂಡು ಮುಂದೆ ಹುಟ್ಟೋ ಪ್ರತಿ ಸಸಿಯಲ್ಲೂ ಬಂದರೆ ಹೇಗಿರುತ್ತೆ, ಹಾಗೆ. ಬರುವಾಗ ವಿಷದ ಜೀನನ್ನೂ ತಂದಿದ್ದರೆ ಆ ಸಂತತಿಗೆಲ್ಲ ವಿಷ ಮಾಡೋ ವಿದ್ಯೆ ಬಂತು ಅಂತಲೇ.

ಇದೇನೂ ಹೊಸ ಸಂಗತಿಯಲ್ಲ. ಗಂಟಲಮಾರಿ ತರೋ ಬ್ಯಾಕ್ಟೀರಿಯಾದ ವಿಷ ಫೇಜ್‌ನಿಂದ ಬರುತ್ತೆ ಅಂತ 1951ರಲ್ಲೇ ವಿಕ್ಟರ್ ಫ್ರೀಮನ್ ತೋರಿಸಿದ್ದರು. ಅಕ್ಕನ ಮಗುವಿಗೆ ಹಾಕಿಸಿದ ಪೆಂಟಾವೇಲೆಂಟ್ ಲಸಿಕೆಯಲ್ಲಿ ಗಂಟಲಮಾರಿಯ ಭಾಗ ತಡೆಯೋದು ಆ ವಿಷವನ್ನೇ. ಕಾಲರಾ ಕಥೆಯೂ ಅಷ್ಟೇ. ಅದರ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದ ಶಂಭುನಾಥ್ ಡೇ (ಅವರಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ, ನನಗೆ ಈಗಲೂ ಹೊಟ್ಟೆ ಉರಿಯುತ್ತೆ). ಆ ವಿಷದ ಜೀನ್ ಇರೋದು ದಾರದಂಥ ಒಂದು ಫೇಜ್‌ನಲ್ಲಿ ಅಂತ ವಾಲ್ಡರ್, ಮೆಕಲಾನೋಸ್ ಕಂಡುಕೊಂಡದ್ದು 1996ರಲ್ಲಿ.

ಈಗ ಅಪ್ಪನ ವಿಷಯ. ಭೇದಿ ಅಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಅವರೇ ಮಾತ್ರೆ ತಂದು ನುಂಗುತ್ತಾರಲ್ಲ, ಅದನ್ನು ನಿಲ್ಲಿಸು. ಶಿಗಾ ಫೇಜ್ ಮಲಗಿರೋವರೆಗೆ ವಿಷ ಅಷ್ಟಾಗಿ ತಯಾರಾಗಲ್ಲ. ಸಿಪ್ರೋಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ಡಿಎನ್‌ಎ ಕೆಡಿಸಿದಾಗ, ಮನೆ ಬೀಳ್ತಿದೆ ಅಂತ ಫೇಜ್‌ಗೆ ಗೊತ್ತಾಗಿ ಎದ್ದು ಮರಿ ಹಾಕೋಕೆ ಶುರುಮಾಡುತ್ತೆ. ಆಗಲೇ ವಿಷವೂ ರಾಶಿರಾಶಿ ತಯಾರಾಗಿ, ಬ್ಯಾಕ್ಟೀರಿಯಾ ಒಡೆದಾಗ ಒಟ್ಟಿಗೆ ಹೊರಬೀಳುತ್ತೆ. ಅದಕ್ಕೇ ಈ ಸೋಂಕಿನ ಅನುಮಾನವಿದ್ದರೆ ಡಾಕ್ಟರುಗಳು ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಕೊಡೋಕೆ ಹಿಂದೆಮುಂದೆ ನೋಡೋದು. ಎಲ್ಲ ಭೇದಿಯೂ ಇದೇ ಅಂತಲ್ಲ. ಆದರೆ ರಕ್ತ ಕಂಡರೆ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಮಾತ್ರೆ ಆಮೇಲೆ.

ಮೊಳಕೆ ವಿಷಯಕ್ಕೆ ಬಂದರೆ, ಒದ್ದೆ ಬಟ್ಟೆಯ ಬೆಚ್ಚನೆ ಗಂಟು ಕಾಳಿಗೆ ಎಷ್ಟು ಹಿತವೋ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಹಿತ. ಬೀಜದ ಬಿರುಕಿನಲ್ಲಿ ಕೂತದ್ದು ತೊಳೆದರೆ ಪೂರ್ತಿ ಹೋಗಲ್ಲ, ಬೆಂದರೆ ಸಾಯುತ್ತೆ. ಮೆಂತ್ಯವನ್ನು ಪಲ್ಯವೋ ಸಾರೋ ಮಾಡು, ಇಲ್ಲ ಹಬೆಯಲ್ಲಿ ಚೆನ್ನಾಗಿ ಬೇಯಿಸು. ಹೆಸರುಕಾಳಿನ ಮೊಳಕೆಯ ಕೋಸಂಬರಿಗೂ ಇದೇ ಮಾತು, ಮಗುವಿಗಂತೂ ಹಸಿಯದು ಬೇಡವೇ ಬೇಡ.

ಇದನ್ನು ಅಪ್ಪನಿಗೂ ಪೂರ್ತಿ ಓದಿ ಹೇಳು. ಅರ್ಧ ಕೇಳಿದರೆ ಮಗಳು ಮೆಂತ್ಯ ತಪ್ಪಿಸಿದಳು ಅಂತ ಹಿಗ್ಗಿಬಿಡ್ತಾರೆ.

ಇಂತಿ,
ನಿನ್ನ ಮಗಳು